ಕೆಳಗಿನಿಂದ ಹೇಳಿಕೊಡಬೇಡಿ

ನಮ್ಮ ಕ್ಲೈಂಬಿಂಗ್ ಗೋಡೆಯ ಪಕ್ಕ ಒಂದೇ ಒಂದು ನಿಯಮ ಬರೆದು ಅಂಟಿಸಿದ್ದೇನೆ: ‘ಹತ್ತುತ್ತಿರುವವರಿಗೆ ಕೆಳಗಿನಿಂದ ಹೇಳಿಕೊಡಬೇಡಿ.’ ಉಡುಪಿ, ಮಣಿಪಾಲದಿಂದ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರಿಗೆ ಇದನ್ನು ಪಾಲಿಸುವುದು ತುಂಬಾ ಕಷ್ಟ. ಮಗು ಗೋಡೆಯ ಅರ್ಧದಲ್ಲಿ ಸಿಕ್ಕಿಕೊಂಡಿದೆ. ಕೈ ನಡುಗುತ್ತಿದೆ. ಬಲಗಡೆ ಒಳ್ಳೆಯ ಹೋಲ್ಡ್, ಅಂದರೆ ಹಿಡಿಯುವ ತುಂಡು, ಇರುವುದು ಕೆಳಗೆ ಕೂತವರಿಗೆ ಚೆನ್ನಾಗಿ ಕಾಣುತ್ತಿದೆ. ಹೇಳಿಬಿಡೋಣ ಅಂತ ಮಾತು ಬಾಯಿವರೆಗೆ ಬರುತ್ತದೆ, ಅಲ್ವಾ? ನನಗೂ ಬರುತ್ತದೆ. ಆದರೂ ಹೇಳುವುದಿಲ್ಲ. ಸ್ಪರ್ಧೆಗಳಲ್ಲಿ ಹತ್ತಿ, ಆಮೇಲೆ ಮಕ್ಕಳಿಗೆ ಕಲಿಸಲು ಶುರು ಮಾಡಿದ ಮೇಲೆ ನಾನು ಗಟ್ಟಿಯಾಗಿ ನಂಬಿದ ಸಂಗತಿ ಇದು. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಕಾರ್ಕಳದ ಹತ್ತಿರ. ಅದು ಕಲ್ಲಿನ ಊರು. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಒಂದೇ ಕಲ್ಲಿನದು, ಅವನು ನಿಂತ ಗುಡ್ಡವೂ ಕಲ್ಲೇ. ನಮ್ಮ ತೋಟದ ಆಚೆಗೂ ಉರುಟು ಬಂಡೆಗಳಿದ್ದವು. ಶಾಲೆಯಿಂದ ಬಂದು ಚೀಲ ಎಸೆದು ಅಲ್ಲಿಗೆ ಓಡುತ್ತಿದ್ದೆ. “ಬೂರುವ ಮಗಾ, ಜಪ್ಪುಲ” ಅಂತ ಅಜ್ಜಿ ಅಂಗಳದಿಂದಲೇ ಕೂಗುತ್ತಿದ್ದರು. ತುಳುವಿನಲ್ಲಿ ‘ಬೀಳ್ತೀಯ ಮಗಾ, ಇಳಿ’ ಅಂತ. ನಾನು ಬೀಳುತ್ತೇನೆ ಅಂತ ಅವರಿಗೆ ಹೆದರಿಕೆ. ಕೂಗು ಕೇಳಿದ ಕೂಡಲೇ ನನ್ನ ಕಾಲು ನಿಜವಾಗಿಯೂ ನಡುಗಲು ಶುರುವಾಗುತ್ತಿತ್ತು. ಅವರು ಒಳಗೆ ಹೋದ ಮೇಲೆ ಅದೇ ಬಂಡೆಯನ್ನು ಸಲೀಸಾಗಿ ಹತ್ತುತ್ತಿದ್ದೆ.

ಹತ್ತುವ ಕೆಲಸವನ್ನು ಹತ್ತಿರದಿಂದ ನೋಡಿದ್ದು ಅಡಿಕೆ ತೋಟದಲ್ಲಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಬರುತ್ತಿದ್ದವರು ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು, ಪಾಚಿ ಹಿಡಿದು ಜಾರುವ ಮರವನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಮೇಲೇರುತ್ತಿದ್ದರು. ಕೈ ಮರವನ್ನು ಸುಮ್ನೆ ಬಳಸಿರುತ್ತಿತ್ತು. ಭಾರ ಎಲ್ಲ ಕಾಲಿನ ಮೇಲೆ. ಒಂದು ಮರ ಮುಗಿದರೆ ಅದನ್ನೇ ತೂಗಿಸಿ, ಪಕ್ಕದ ಮರ ಹಿಡಿದು ದಾಟುತ್ತಿದ್ದರು. ಯಾವ ಮರ ಬಾಗುತ್ತದೆ, ಯಾವುದು ಮುರಿಯುತ್ತದೆ ಅಂತ ಕೆಳಗೆ ನಿಂತ ಅಪ್ಪ ಯಾವತ್ತೂ ಹೇಳಿದವರಲ್ಲ. ಅದು ಮರದ ಮೇಲೆ ಇರುವವರಿಗೆ ಮಾತ್ರ ತಿಳಿಯುವ ವಿಷಯ ಅಂತ ಅಪ್ಪನಿಗೆ ಗೊತ್ತಿತ್ತು.

ಹತ್ತುವುದು ನಮ್ಮ ಕರಾವಳಿಯವರಿಗೆ ಹೊಸತೇನಲ್ಲ. ಅಷ್ಟಮಿ ಬಂದರೆ ಮೊಸರುಕುಡಿಕೆ, ಜಾರುಕಂಬ. ಊರಿಗೆ ಊರೇ ಕಂಬದ ಸುತ್ತ ನಿಂತು ಕೂಗುತ್ತದೆ. ಅಲ್ಲಿ ಆ ಗೌಜಿಯೇ ಚಂದ. ಬೆಳ್ತಂಗಡಿಯ ಗಡಾಯಿಕಲ್ಲು ಎಲ್ಲರಿಗೂ ಗೊತ್ತು. ಅದರ ನೆತ್ತಿಯ ಮೇಲೆ ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿದ. ಹತ್ತಲು 1,876 ಮೆಟ್ಟಿಲು. 2023ರಲ್ಲಿ ಚಿತ್ರದುರ್ಗದ ಜ್ಯೋತಿರಾಜ್ ಮೆಟ್ಟಿಲು ಬಿಟ್ಟು ಕಲ್ಲನ್ನೇ ಹಿಡಿದು ಮೇಲೇರಿದಾಗ ನಮ್ಮ ಮನೆಯಲ್ಲೂ ಅದೇ ಮಾತು. “ನೀನು ಮಕ್ಕಳಿಗೆ ಕಲಿಸುವುದು ಇದನ್ನೇನಾ?” ಅಂತ ಅಮ್ಮ ಗಾಬರಿಯಿಂದ ಕೇಳಿದರು. ಅಲ್ಲ ಅಮ್ಮ, ಸ್ಪರ್ಧೆಯ ಕ್ಲೈಂಬಿಂಗ್ ಬೇರೆಯೇ ಲೋಕ ಅಂದೆ. ಅಮ್ಮನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಸ್ಪರ್ಧೆಯಲ್ಲಿ ಮೂರು ಬಗೆ. ಸ್ಪೀಡ್‌ನಲ್ಲಿ 15 ಮೀಟರ್ ಎತ್ತರದ ಗೋಡೆ, 5 ಡಿಗ್ರಿ ನಮ್ಮ ಕಡೆಗೆ ವಾಲಿರುತ್ತದೆ. ಜಗತ್ತಿನಲ್ಲಿ ಎಲ್ಲಿ ಹೋದರೂ ಹೋಲ್ಡ್‌ಗಳು ಅದೇ ಜಾಗದಲ್ಲಿ. ಯಾರು ಮೊದಲು ಮೇಲೆ ಮುಟ್ಟುತ್ತಾರೋ ಅವರು ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇಂಡೊನೇಷ್ಯಾದ ವೆಡ್ರಿಕ್ ಲಿಯೊನಾರ್ಡೊ 4.75 ಸೆಕೆಂಡಿನಲ್ಲಿ ಹತ್ತಿ ಚಿನ್ನ ಗೆದ್ದರು. ಎರಡನೆಯದು ಬೋಲ್ಡರಿಂಗ್. ಹಗ್ಗ ಇಲ್ಲ, ಗೋಡೆ ಗಿಡ್ಡ, ಕೆಳಗೆ ದಪ್ಪ ಮ್ಯಾಟ್. ಕಡಿಮೆ ಹೆಜ್ಜೆ, ಆದರೆ ಪ್ರತಿ ಹೆಜ್ಜೆಯೂ ಒಗಟು. ಕೊಟ್ಟ ಸಮಯದೊಳಗೆ ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು. ಮೂರನೆಯದು ಲೀಡ್. ಹಗ್ಗವನ್ನು ನಾವೇ ದಾರಿಯುದ್ದಕ್ಕೂ ಗೋಡೆಯ ಕೊಂಡಿಗಳಿಗೆ ಕ್ಲಿಪ್ ಮಾಡುತ್ತಾ ಮೇಲೆ ಹೋಗಬೇಕು. ಒಂದೇ ಅವಕಾಶ. ಬಿದ್ದರೆ ಅಲ್ಲಿಗೆ ಮುಗಿಯಿತು, ಎಲ್ಲಿವರೆಗೆ ಹೋದಿರೋ ಅದೇ ನಿಮ್ಮ ಅಂಕ.

ನನ್ನ ಪ್ರಾಣ ಇರುವುದು ಲೀಡ್‌ನಲ್ಲಿ. ಅದರ ಸೆಮಿಫೈನಲ್, ಫೈನಲ್ ನಡೆಯುವ ರೀತಿ ಕೇಳಿದರೆ ನನ್ನ ನಿಯಮದ ಅರ್ಥ ತಿಳಿಯುತ್ತದೆ. ರೂಟ್, ಅಂದರೆ ಹತ್ತುವ ದಾರಿ, ಹೊಸದು, ಯಾರೂ ಮುಟ್ಟಿಲ್ಲ. ಸ್ಪರ್ಧಿಗಳನ್ನೆಲ್ಲ ಒಂದು ಕಡೆ ಕೂರಿಸುತ್ತಾರೆ. ಅದು ಐಸೊಲೇಶನ್. ಫೋನ್ ಇಲ್ಲ. ಬೇರೆಯವರು ಹತ್ತುವುದನ್ನು ನೋಡುವ ಹಾಗಿಲ್ಲ. ಹೊರಗಿನಿಂದ ಯಾರೂ ಏನೂ ಹೇಳುವ ಹಾಗಿಲ್ಲ. ಮೊದಲೇ ಎಲ್ಲರನ್ನೂ ಒಟ್ಟಿಗೆ ಕರೆದು 6 ನಿಮಿಷ ಗೋಡೆ ತೋರಿಸುತ್ತಾರೆ. ಆ 6 ನಿಮಿಷ ನೋಡಲು ಎಷ್ಟು ಸೊಗಸು ಗೊತ್ತಾ? ಒಬ್ಬರ ಪಕ್ಕ ಒಬ್ಬರು ನಿಂತು, ಕತ್ತು ಎತ್ತಿ, ಗಾಳಿಯಲ್ಲಿ ಕೈ ಆಡಿಸುತ್ತಾ ಮನಸ್ಸಿನಲ್ಲೇ ಹತ್ತುತ್ತಿರುತ್ತಾರೆ. ಎಲ್ಲಿ ಕೈ ಬದಲಿಸಬೇಕು, ಎಲ್ಲಿ ನಿಂತು ಕೈ ಕೊಡವಿ ಉಸಿರು ತೆಗೆದುಕೊಳ್ಳಬಹುದು ಅಂತ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ಎದುರಾಳಿಗಳಾಗುವವರು ಅವರು. ಕ್ಲೈಂಬಿಂಗ್‌ನಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ ಇದು. ಇನ್ಯಾವ ಆಟದಲ್ಲೂ ನಾನು ಇದನ್ನು ಕಂಡಿಲ್ಲ.

ಆಮೇಲೆ ಒಬ್ಬೊಬ್ಬರೇ ಬಂದು ಹತ್ತಬೇಕು. ಅದಕ್ಕೂ 6 ನಿಮಿಷ.

ನಾನು ಸ್ಪರ್ಧೆಗೆ ಬಂದದ್ದು ತಡವಾಗಿ, ಮಂಗಳೂರಿನಲ್ಲಿ ಕಾಲೇಜು ಓದುವಾಗ. ರಜೆಯಲ್ಲಿ ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಕೋರ್ಸಿಗೆ ಹೋದೆ. ಗಂಟು ಹಾಕುವುದು, ಹಾರ್ನೆಸ್ ಕಟ್ಟುವುದು, ಬಿಲೇ ಮಾಡುವುದು, ಅಂದರೆ ಹತ್ತುವವರ ಹಗ್ಗವನ್ನು ಕೆಳಗಿನಿಂದ ಹಿಡಿದು ಕಾಯುವುದು, ಎಲ್ಲ ಅಲ್ಲಿ ಬಂತು. ಆಮೇಲೆ ರಾಮನಗರದ ಬಂಡೆ, ಬಾದಾಮಿಯ ಕೆಂಪು ಮರಳುಗಲ್ಲು. ಬಾದಾಮಿ ನನಗೆ ಹುಚ್ಚು ಹಿಡಿಸಿತು. ನಮ್ಮೂರಿನ ಶಿಲೆಕಲ್ಲಿನಲ್ಲಿ ಹಿಡಿಯಲು ಏನೂ ಇರುವುದಿಲ್ಲ, ಕಾಲನ್ನು ನಂಬಿ ನಿಲ್ಲಬೇಕು. ಬಾದಾಮಿಯಲ್ಲಿ ಪದರ ಪದರವಾಗಿ ಅಂಚುಗಳು, ಬೆರಳು ತೂರುವ ಗೂಡುಗಳು. ಮೈಯನ್ನೆಲ್ಲ ತಿರುಗಿಸಿ ಹತ್ತುವುದು ಅಂದರೇನು ಅಂತ ಅಲ್ಲಿ ಗೊತ್ತಾಯಿತು.

ಬೆಂಗಳೂರಿನಲ್ಲಿ ನನಗೆ ಕಲಿಸಿದ ಸರ್ ಮಾತು ಕಡಿಮೆ. ನಾನು ಹತ್ತುವಾಗ ಅವರ ಬಾಯಿಂದ ಒಂದು ಶಬ್ದ ಬರುತ್ತಿರಲಿಲ್ಲ. ಬಿದ್ದು ಕೆಳಗೆ ಬಂದ ಮೇಲೆ ಒಂದೇ ಪ್ರಶ್ನೆ: “ಏನು ಕಂಡಿತು?” ಮೊದಮೊದಲು ನನ್ನ ಉತ್ತರ “ಏನೂ ಕಾಣಲಿಲ್ಲ ಸರ್” ಅಂತಲೇ. ಅವರು ತಲೆಯಾಡಿಸಿ ಮತ್ತೆ ಕಳಿಸುತ್ತಿದ್ದರು. ಕೆಲವು ತಿಂಗಳು ಕಳೆದ ಮೇಲೆ ನಾನು ನಿಜವಾಗಿಯೂ ನೋಡಲು ಶುರು ಮಾಡಿದೆ. ಕೈ ಜಾರದಿರಲು ಹಚ್ಚಿಕೊಳ್ಳುವ ಬಿಳಿ ಚಾಕ್ ಪುಡಿ ಹೋಲ್ಡಿನ ಮೇಲೆ ಎಲ್ಲಿ ಜಾಸ್ತಿ ಇದೆ, ಅದನ್ನು ಯಾವ ಕಡೆಯಿಂದ ಹಿಡಿದಿದ್ದಾರೆ, ಕಾಲಿಡುವ ಜಾಗದಲ್ಲಿ ಶೂವಿನ ಕಪ್ಪು ಗುರುತು ಎಲ್ಲಿದೆ. ಗೋಡೆ ತಾನಾಗಿ ಎಷ್ಟೆಲ್ಲ ಹೇಳುತ್ತದೆ! ಕೆಳಗಿನಿಂದ ಯಾರಾದರೂ ಕೂಗುತ್ತಿದ್ದರೆ ಅದು ಕಿವಿಗೇ ಬೀಳುವುದಿಲ್ಲ.

ಇದರ ಫಲ ಸೌತ್ ಜೋನ್ ಸ್ಪರ್ಧೆಯಲ್ಲಿ ಗೊತ್ತಾಯಿತು. ನನಗಿಂತ ಗಟ್ಟಿ ಬೆರಳಿನ ಹುಡುಗಿಯರು ಅಲ್ಲಿದ್ದರು. ಫೈನಲ್ ರೂಟಿನ ಮಧ್ಯೆ ಒಂದು ಮೂಲೆ ಇತ್ತು. ಗೋಡೆ ನೋಡುವ ಹೊತ್ತಿನಲ್ಲಿ ಅಲ್ಲಿ ಬೆನ್ನನ್ನು ಒಂದು ಬದಿಗೆ, ಕಾಲನ್ನು ಇನ್ನೊಂದು ಬದಿಗೆ ಒತ್ತಿದರೆ ಎರಡೂ ಕೈ ಬಿಡಬಹುದು ಅಂತ ನನಗೆ ಹೊಳೆಯಿತು. ಹತ್ತುವಾಗ ಅಲ್ಲಿ ಕೂತೆ ಅಂತಲೇ ಹೇಳಬೇಕು. ಮುಂಗೈಯ ಉರಿ ಇಳಿಯುವವರೆಗೆ ಕಾದು ಮತ್ತೆ ಹೊರಟೆ. ಆ ಸಲ ಪದಕ ಬರಲಿಲ್ಲ, ಆದರೆ ನ್ಯಾಷನಲ್ಸ್‌ಗೆ ಆಯ್ಕೆಯಾದೆ. ಸರ್ ಆವತ್ತೂ “ಏನು ಕಂಡಿತು?” ಅಂತಲೇ ಕೇಳಿದರು. ಆ ಮೂಲೆಯ ಬಗ್ಗೆ ಉದ್ದಕ್ಕೆ ಹೇಳಿದೆ. ಅವರು ಅಷ್ಟು ನಕ್ಕಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ಆಮೇಲಿನ ವರ್ಷಗಳ ಸ್ಪರ್ಧೆ, ಸೋಲು, ಗೆಲುವು ಎಲ್ಲ ಬರೆದರೆ ಉದ್ದ ಆಗುತ್ತದೆ. ಊರಿಗೆ ವಾಪಸ್ ಬಂದೆ, ಕೆಲಸಕ್ಕೆ ಸೇರಿದೆ, ಉಡುಪಿಯ ಹತ್ತಿರ ಪರಿಚಯದವರ ಖಾಲಿ ಗೋದಾಮು ಸಿಕ್ಕಿತು. ಹಂಚಿನ ಮಾಡು, ಗಾಳಿ ಆಡುವ ಎತ್ತರದ ಜಾಗ. ಕಬ್ಬಿಣದ ಚೌಕಟ್ಟು ನಿಲ್ಲಿಸಿ 18 ಮಿಲಿಮೀಟರಿನ ಮೆರೈನ್ ಪ್ಲೈವುಡ್ ಹಾಕಿದೆವು. ಅಂಗಡಿಯ ಹೋಲ್ಡ್‌ಗಳು ದುಬಾರಿ. ನಮ್ಮೂರಿನ ಆಚಾರ್ಯರೊಬ್ಬರು ಹಲಸಿನ ಮರದ ತುಂಡುಗಳಲ್ಲಿ ಹೋಲ್ಡ್ ಕೆತ್ತಿ ಕೊಟ್ಟರು. “ಇದಕ್ಕೆ ಪಾಲಿಶ್ ಬೇಡ್ವಾ?” ಅಂತ ಅವರಿಗೆ ದೊಡ್ಡ ಬೇಸರ. ಕೈ ಜಾರುತ್ತದೆ, ಹೀಗೇ ಇರಲಿ ಅಂತ ಒಪ್ಪಿಸಬೇಕಾಯಿತು. ಮರದ ಹೋಲ್ಡ್ ಎಳೆಯ ಚರ್ಮಕ್ಕೆ ಮೆದು. ಪ್ಲಾಸ್ಟಿಕ್ ಹೋಲ್ಡಿನಲ್ಲಿ ಅರ್ಧ ಗಂಟೆಗೆ ಕೆಂಪಾಗುವ ಬೆರಳ ತುದಿ ಇದರಲ್ಲಿ ಸಂಜೆಯಿಡೀ ತಡೆಯುತ್ತದೆ.

ಕರಾವಳಿಯಲ್ಲಿ ಗೋಡೆ ಕಾಪಾಡುವುದೇ ಒಂದು ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಟಿ ತಿಂಗಳಲ್ಲಿ ಮ್ಯಾಟಿಗೆ ಬೂಷ್ಟು ಹಿಡಿಯುತ್ತದೆ, ಪ್ಲೈವುಡ್ ಉಬ್ಬುತ್ತದೆ, ಉಪ್ಪು ಗಾಳಿಗೆ ಬೋಲ್ಟ್ ತುಕ್ಕು ಹಿಡಿದು ಬಿಚ್ಚಲು ಬರುವುದಿಲ್ಲ. ಬೆವರಿಗೆ ಎಷ್ಟು ಚಾಕ್ ಹಾಕಿದರೂ ಸಾಲದು. ಬೆಂಗಳೂರಿನ ಒಣ ಹವೆಯಲ್ಲಿ ನಮ್ಮ ಮಕ್ಕಳಿಗೆ ಹೋಲ್ಡ್‌ಗಳು ಎಲ್ಲ ದೊಡ್ಡದಾಗಿ ಕಾಣುತ್ತವೆಯಂತೆ. ಇಲ್ಲಿ ಜಾರುವುದನ್ನು ಹಿಡಿದು ಅಭ್ಯಾಸ ಆಗಿರುತ್ತದಲ್ಲ.

ಕಾಪು ಬೀಚಿನಲ್ಲಿ ಅಷ್ಟು ಬಂಡೆ ಇದೆ, ಲೈಟ್‌ಹೌಸಿನ ಹತ್ತಿರ ಹಗ್ಗ ಸಿಕ್ಕಿಸಲು ಕಲ್ಲಿಗೆ ಬೋಲ್ಟ್ ಹೊಡೆದು ಹತ್ತಬಹುದಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಬಿಸಿ ಹವೆ, ಸಮುದ್ರದ ಉಪ್ಪು ಎರಡೂ ಸೇರಿದ ಕಡೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಕೂಡ ಒಳಗಿಂದೊಳಗೆ ಬಿರುಕು ಬಿಡುತ್ತದೆ. ಹೊರಗಿನಿಂದ ನೋಡಿದರೆ ಹೊಳೆಯುತ್ತಿರುತ್ತದೆ, ಭಾರ ಬಿದ್ದಾಗ ಮುರಿಯುತ್ತದೆ. ಥಾಯ್ಲೆಂಡಿನ ಕಡಲ ಬಂಡೆಗಳಲ್ಲಿ ಹೀಗಾಗಿಯೇ ಟೈಟಾನಿಯಂ ಬೋಲ್ಟಿಗೆ ಬದಲಾಯಿಸಬೇಕಾಯಿತು. ಕೆಂಪುಕಲ್ಲಿನ ಕೋರೆ ಕೂಡ ಬೇಡ. ಮುರಕಲ್ಲು ಪುಡಿಯಾಗುತ್ತದೆ, ಮಳೆಗಾಲದಲ್ಲಿ ತಳದಲ್ಲಿ ನೀರು ನಿಲ್ಲುತ್ತದೆ. ಮಕ್ಕಳು ಅಲ್ಲಿಗೆ ಹೋಗುವುದೇ ಬೇಡ.

ಕೋಚ್ ಆದ ಮೇಲೆ ನನಗೆ ಜಾಸ್ತಿ ಚಿಂತೆ ಇರುವುದು ಬೆರಳಿನದ್ದು. ಬೆರಳಿನೊಳಗೆ ಅದನ್ನು ಮಡಚುವ ಸ್ನಾಯು ಇಲ್ಲ, ಅದು ಇರುವುದು ಮುಂಗೈಯಲ್ಲಿ. ಅಲ್ಲಿಂದ ನಾರಿನಂಥ ಎಳೆಗಳು ಬೆರಳ ತುದಿವರೆಗೆ ಬರುತ್ತವೆ. ಆ ಎಳೆ ಮೂಳೆಗೆ ಅಂಟಿಕೊಂಡೇ ಇರುವಂತೆ ಅಲ್ಲಲ್ಲಿ ಪಟ್ಟಿಗಳಿವೆ. ದೊಡ್ಡವರಿಗೆ ಏಟಾದರೆ ಹೆಚ್ಚಾಗಿ ಹರಿಯುವುದು ಆ ಪಟ್ಟಿ. ಆದರೆ ಬೆಳೆಯುವ ಮಕ್ಕಳ ಬೆರಳಿನಲ್ಲಿ ಪಟ್ಟಿಗಿಂತ ಮೆದುವಾದ ಜಾಗ ಇನ್ನೊಂದಿದೆ. ಮೂಳೆ ಬೆಳೆಯುವ ಗೆರೆ. ಹದಿಮೂರು ಹದಿನಾಲ್ಕರ ಹೊತ್ತಿಗೆ ಎತ್ತರ ದಿಢೀರನೆ ಏರುತ್ತದಲ್ಲ, ಆಗ ಸಣ್ಣ ಅಂಚುಗಳನ್ನು ಬೆರಳು ಪೂರ್ತಿ ಮಡಚಿ ದಿನವೂ ಹಿಡಿದರೆ ನಡುಬೆರಳಿನ ಮಧ್ಯದ ಗೆಣ್ಣಿನಲ್ಲಿ ಆ ಗೆರೆಯೇ ಬಿರಿಯುತ್ತದೆ. ಒಂದು ದಿನ ಟಕ್ ಅಂತ ಆಗುವುದಲ್ಲ. ಮೊದಲು ಸಣ್ಣ ನೋವು, ಸ್ವಲ್ಪ ಊತ. ಮಗು ಹೇಳುವುದಿಲ್ಲ. ಹೇಳಿದರೆ ಹತ್ತಲು ಬಿಡುವುದಿಲ್ಲ ಅಂತ ಅದಕ್ಕೆ ಗೊತ್ತು. ಹಾಗೇ ಎಳೆದರೆ ಬೆರಳು ಸೊಟ್ಟಗಾಗಿ ಉಳಿಯಬಹುದು. ಬೇಗ ಹಿಡಿದರೆ ವಿಶ್ರಾಂತಿಯಲ್ಲೇ ವಾಸಿಯಾಗುತ್ತದೆ, ಆದರೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ಹಾಗಾಗಿ ಪ್ರತಿ ಕ್ಲಾಸಿನ ಮೊದಲು ಎಲ್ಲರ ಬೆರಳು ಒತ್ತಿ ನೋಡುತ್ತೇನೆ. ನೋವು ಅಂದವರನ್ನು ಮನೆಗೆ ಕಳಿಸುವುದಿಲ್ಲ. ಸಮತೋಲ, ಕಾಲಿನ ಕೆಲಸ, ಗೋಡೆ ಓದುವುದು, ಗಂಟು. ಬೆರಳಿಲ್ಲದೆ ಕಲಿಯುವುದು ಬೇಕಾದಷ್ಟಿದೆ. ಕ್ಯಾಂಪಸ್ ಬೋರ್ಡ್ ನಮ್ಮಲ್ಲಿ ಇಟ್ಟೇ ಇಲ್ಲ. 1988ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಗ್ಯುಲಿಶ್ ನ್ಯೂರೆಂಬರ್ಗಿನ ಜಿಮ್‌ನಲ್ಲಿ ತಮಗಾಗಿ ಮಾಡಿಕೊಂಡ ಸಾಧನ ಅದು. ಕಾಲು ಇಡದೆ ಬರೀ ಬೆರಳಲ್ಲಿ ಮರದ ಪಟ್ಟಿಯಿಂದ ಪಟ್ಟಿಗೆ ಜಿಗಿಯುವುದು. ಜಗತ್ತಿನ ಅತಿ ಬಲಿಷ್ಠ ಬೆರಳಿನ ಗಂಡಸು ತನಗೆ ಮಾಡಿಕೊಂಡದ್ದನ್ನು ಎಂಟನೇ ಕ್ಲಾಸಿನ ಮಗು ವಿಡಿಯೋ ನೋಡಿ ಮಾಡಲು ಹೋಗುತ್ತದೆ. “ಅಕ್ಕ, ನಮಗ್ಯಾಕಿಲ್ಲ?” ಅಂತ ಕೇಳುತ್ತಾರೆ. ಎಕ್ಸ್‌ರೇಯಲ್ಲಿ ಕಾಣುವ ಆ ಗೆರೆಯ ಚಿತ್ರ ಬರೆದು ತೋರಿಸುತ್ತೇನೆ. ಕಾರಣ ಹೇಳಿದರೆ ಮಕ್ಕಳು ಕೇಳುತ್ತಾರೆ.

ತೂಕದ ಮಾತೂ ಇದೇ ಸಾಲಿನದು. ಹಗುರ ಇದ್ದರೆ ಹತ್ತುವುದು ಸುಲಭ ಅನ್ನುವ ಲೆಕ್ಕ ಹಿಡಿದು ಊಟ ಬಿಡುವ ಹುಡುಗಿಯರನ್ನು ನಾನು ಸ್ಪರ್ಧೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ನನ್ನ ಗೋಡೆಯ ಹತ್ತಿರ ಯಾರ ತೂಕದ ಬಗ್ಗೆಯೂ ಮಾತಾಡುವ ಹಾಗಿಲ್ಲ. ನಾನು ಕೂಡ.

ಈಗ ಒಬ್ಬ ಹುಡುಗಿಯ ಬಗ್ಗೆ ಹೇಳಬೇಕು. ವಯಸ್ಸಿಗೆ ತುಂಬಾ ಗಿಡ್ಡ. ಬೇರೆಯವರು ನಿಂತಲ್ಲಿಂದಲೇ ಮುಟ್ಟುವ ಹೋಲ್ಡಿಗೆ ಅವಳು ಹಾರಬೇಕು. ಪ್ಯಾರಿಸ್ ಒಲಿಂಪಿಕ್ಸ್‌ನ ಬೋಲ್ಡರ್ ಮತ್ತು ಲೀಡ್ ಫೈನಲ್ ನಾವೆಲ್ಲ ಸೇರಿ ನೋಡಿದೆವು. ಜಪಾನಿನ ಐ ಮೋರಿ 154 ಸೆಂಟಿಮೀಟರ್. ಮೊದಲ ಬೋಲ್ಡರಿನ, ಅಂದರೆ ಬೋಲ್ಡರಿಂಗ್‌ನ ಮೊದಲ ಒಗಟಿನ, ಶುರುವಿನ ಹೋಲ್ಡೇ ಅವರಿಗೆ ಎಟುಕಲಿಲ್ಲ. ಮತ್ತೆ ಮತ್ತೆ ಹಾರಿದರು, ಸೊನ್ನೆ ಬಂತು. ನಮ್ಮ ಹುಡುಗಿ ಎದ್ದು ಹೊರಗೆ ಹೋದಳು. ಲೀಡ್ ಶುರುವಾದಾಗ ನಾನೇ ಕರೆದು ತಂದು ಕೂರಿಸಿದೆ. ಮೋರಿ ಲೀಡ್‌ನಲ್ಲಿ 96.1 ಅಂಕ ಪಡೆದರು. ಆ ಫೈನಲ್‌ನ ಲೀಡ್‌ನಲ್ಲಿ ಎಲ್ಲರಿಗಿಂತ ಹೆಚ್ಚು. ಒಟ್ಟಿನಲ್ಲಿ ನಾಲ್ಕನೆಯವರಾದರು, ಪದಕ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್ ಮತ್ತು ಇನ್ನಿಬ್ಬರ ಪಾಲಾಯಿತು. ಆ ಬೋಲ್ಡರನ್ನು ಹಾಗೆ ಹಾಕಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ. ಎತ್ತರ ಕಡಿಮೆ ಇದ್ದವರಿಗೆ ಕಷ್ಟದ ದಾರಿಯಾದರೂ ಇರಬೇಕು, ದಾರಿಯೇ ಇಲ್ಲದಂತೆ ಮಾಡಬಾರದು.

ಕೆಲವು ದಿನಗಳ ನಂತರ ಅದೇ ಹುಡುಗಿ ನಾನು ಹಾಕಿದ ಒಂದು ರೂಟಿನಲ್ಲಿ ಸಿಕ್ಕಿಕೊಂಡಳು. ಮೇಲಿನ ಹೋಲ್ಡ್ ಎಟುಕುತ್ತಿಲ್ಲ. ಅವಳ ಅಮ್ಮ ಪಕ್ಕದಲ್ಲಿದ್ದರು, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನನ್ನ ತಲೆಯಲ್ಲಿದ್ದ ಉತ್ತರ ಒಂದೇ, ಹಾರಬೇಕು. ಅವಳು ಹಾರಲಿಲ್ಲ. ಎಡಗಾಲನ್ನು ಸೊಂಟಕ್ಕಿಂತ ಮೇಲೆ ಎತ್ತಿ, ಕೈ ಇಟ್ಟಿದ್ದ ಹೋಲ್ಡಿನ ಪಕ್ಕವೇ ಹಿಮ್ಮಡಿ ಸಿಕ್ಕಿಸಿ, ಮೆಲ್ಲಗೆ ಮೈಯನ್ನು ಅದರ ಮೇಲೆ ತಂದು ಕೈ ಚಾಚಿದಳು. ಸಿಕ್ಕಿತು. ಎತ್ತರದವರು ಹಾಗೆ ಮಡಚಿಕೊಳ್ಳಲು ಆಗುವುದೇ ಇಲ್ಲ. ಆ ದಾರಿ ಅಲ್ಲಿದೆ ಅಂತ ರೂಟ್ ಹಾಕಿದ ನನಗೇ ಗೊತ್ತಿರಲಿಲ್ಲ. ನಾನು “ಹಾರು” ಅಂದಿದ್ದರೆ ಅವಳು ಹಾರುತ್ತಿದ್ದಳು, ಬೀಳುತ್ತಿದ್ದಳು, ತಾನು ಗಿಡ್ಡ ಅಂತ ಇನ್ನೊಂದು ಸಲ ಅಂದುಕೊಳ್ಳುತ್ತಿದ್ದಳು. ಅವಳ ಮೈ ಅವಳಿಗೆ ಗೊತ್ತು, ನನಗೆ ಗೊತ್ತಿರುವುದು ನನ್ನ ಮೈ. ಆವತ್ತಿನಿಂದ ಅವಳ ಅಮ್ಮನೇ ಹೊಸ ಪೋಷಕರಿಗೆ ಗೋಡೆಯ ನಿಯಮ ವಿವರಿಸುತ್ತಾರೆ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೋಲ್ಡರ್, ಲೀಡ್, ಸ್ಪೀಡ್ ಮೂರಕ್ಕೂ ಬೇರೆ ಬೇರೆ ಪದಕ. ಟೋಕಿಯೋದಲ್ಲಿ ಮೂರನ್ನೂ ಒಟ್ಟು ಸೇರಿಸಿ ಒಂದೇ ಪದಕ ಇಟ್ಟಿದ್ದರು. ಪ್ಯಾರಾ ಕ್ಲೈಂಬಿಂಗ್ ಕೂಡ ಪ್ಯಾರಾಲಿಂಪಿಕ್ಸ್‌ಗೆ ಬರುತ್ತಿದೆ. ಲೀಡ್ ಮಾತ್ರ ಹತ್ತುವವರಿಗೆ ಇದು ದೊಡ್ಡ ಸಂತೋಷ. ನಮ್ಮ ಕಷ್ಟ ಏನೆಂದರೆ ಗೋದಾಮಿನ ಗೋಡೆ ಗಿಡ್ಡ. ಲೀಡ್ ಕಲಿಯಲು ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಬೇಕು. ಬೆಳಗ್ಗೆ ಇಳಿದು, ತಿಂಡಿ ತಿಂದು, ಕಣ್ಣಲ್ಲಿ ನಿದ್ದೆ ಇಟ್ಟುಕೊಂಡೇ ಮಕ್ಕಳು ಎತ್ತರದ ಗೋಡೆಯ ಕೆಳಗೆ ನಿಲ್ಲುತ್ತಾರೆ. ಮಂಗಳೂರಿನಲ್ಲೋ ಉಡುಪಿಯಲ್ಲೋ ಮಳೆ ಬೀಳದ ಮಾಡಿನ ಕೆಳಗೆ 15 ಮೀಟರಿನ ಗೋಡೆಯೊಂದು ನಮ್ಮ ಮಕ್ಕಳಿಗೆ ದಿನಾ ಸಿಗಬೇಕು ಅನ್ನುವುದು ನನ್ನ ದೊಡ್ಡ ಆಸೆ. ಅದಕ್ಕೆ ಅರ್ಜಿ, ಓಡಾಟ ನಡೆಯುತ್ತಿದೆ.

ಗೋಡೆ ಬಂದರೂ ಹಗ್ಗ ಹಿಡಿಯುವವರು ಬೇಕಲ್ಲ. ಲೀಡ್‌ನಲ್ಲಿ ಬೀಳುವುದು ಅಭ್ಯಾಸದ ಭಾಗ. ಕೊನೆಯ ಕ್ಲಿಪ್‌ಗಿಂತ ಒಂದು ಮೀಟರ್ ಮೇಲಿಂದ ಬಿದ್ದರೆ ಕಡಿಮೆ ಅಂದರೂ ಎರಡು ಮೀಟರ್ ಕೆಳಗೆ ಹೋಗುತ್ತೀರಿ, ಹಗ್ಗ ಹಿಗ್ಗುವುದು ಬೇರೆ. ಕೆಳಗಿನವರು ಹಗ್ಗವನ್ನು ಬಿಗಿಯಾಗಿ ಎಳೆದರೆ ಮಗು ಗೋಡೆಗೆ ಬಡಿಯುತ್ತದೆ. ಜಾಸ್ತಿ ಸಡಿಲ ಬಿಟ್ಟರೆ ನೆಲಕ್ಕೆ ಹತ್ತಿರ ಬರುತ್ತದೆ. ಬೀಳುವ ಗಳಿಗೆಯಲ್ಲಿ ಬಿಲೇ ಮಾಡುವವರು ಸಣ್ಣದಾಗಿ ಮೇಲಕ್ಕೆ ಜಿಗಿದು ಆ ಹೊಡೆತವನ್ನು ಮೆದು ಮಾಡಬೇಕು. ಹಗ್ಗವನ್ನು ತಡೆದು ಹಿಡಿಯುವ ಬ್ರೇಕಿನ ಕೈ ಹಗ್ಗದಿಂದ ಒಂದು ಕ್ಷಣವೂ ಬಿಡುವ ಹಾಗಿಲ್ಲ. ಮಗು ಮೊಣಕಾಲು ಮಡಚಿ, ಕೈ ಮುಂದಿಟ್ಟು, ಉಸಿರು ಬಿಟ್ಟು ಬೀಳಲು ಕಲಿಯಬೇಕು. ಕೆಳಗಿರುವವರನ್ನು ನಂಬಿದ ಮಗು ಮಾತ್ರ ಮುಂದಿನ ಹೋಲ್ಡಿಗೆ ಪೂರ್ತಿ ಮನಸ್ಸಿನಿಂದ ಕೈ ಹಾಕುತ್ತದೆ.

ಈಗ ಶನಿವಾರ ಸಂಜೆ ಕೆಲವು ಅಪ್ಪ ಅಮ್ಮಂದಿರಿಗೆ ಬಿಲೇ ಕಲಿಸುತ್ತಿದ್ದೇನೆ. ಗೋದಾಮಿನ ತೊಲೆಗೆ ಹಗ್ಗ ಕಟ್ಟಿ ಮೊದಲು ಮರಳಿನ ಚೀಲ ಬೀಳಿಸುತ್ತೇವೆ. ಹತ್ತುವವರ ಎಂಟರ ಆಕಾರದ ಗಂಟು, ಬಿಲೇ ಮಾಡುವವರ ಕ್ಯಾರಬೀನರ್ ಕೊಂಡಿಯ ಲಾಕ್, ಎರಡನ್ನೂ ಇಬ್ಬರೂ ಪರಸ್ಪರ ಮುಟ್ಟಿ ನೋಡದೆ ಯಾರೂ ನೆಲ ಬಿಡುವಂತಿಲ್ಲ. ಆ ಗಿಡ್ಡ ಹುಡುಗಿಯ ಅಮ್ಮ ಮೊದಲ ವಾರ ಚೀಲದ ಭಾರಕ್ಕೆ ತಾವೇ ಮೇಲೆ ಎಳೆದುಕೊಂಡು ಹೋದರು, ಆದರೆ ಬ್ರೇಕಿನ ಕೈ ಬಿಡಲಿಲ್ಲ. ಅವರು ಕಲಿಯುತ್ತಾರೆ ಅಂತ ನನಗೆ ಆಗಲೇ ಗೊತ್ತಾಯಿತು. ಮುಂದಿನ ಸಲ ಬೆಂಗಳೂರಿಗೆ ಹೋಗುವಷ್ಟರಲ್ಲಿ ಅವರು ನನ್ನ ಪರೀಕ್ಷೆ ಪಾಸಾದರೆ ಮಗಳ ಹಗ್ಗ ಅವರ ಕೈಗೇ ಕೊಡುತ್ತೇನೆ. ಬ್ಯಾಕಪ್‌ಗೆ ಹಗ್ಗದ ಇನ್ನೊಂದು ತುದಿ ಹಿಡಿದು ಹಿಂದೆ ನಾನಿರುತ್ತೇನೆ.